ಮಾಗಡಿ ಕೆರೆಗೆ ಹೋಗುವುದಿದ್ದರೆ ಶಿವರಾತ್ರಿಯೊಳಗೆ ಹೋಗಿ

ಹೆಬ್ಬಾತು ನೋಡಲು ಯಾವಾಗ ಹೋಗಲಿ ಎಂದು ಗೆಳತಿಯೊಬ್ಬಳು ಕೇಳಿದ್ದಳು. ಎಲ್ಲರೂ ಡಿಸೆಂಬರ್ ಎನ್ನುತ್ತಾರೆ, ನಾನು ಫೆಬ್ರುವರಿ ಎನ್ನುತ್ತೇನೆ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೊರಡುವ ಆಸುಪಾಸಿನಲ್ಲೇ ಈ ಹಕ್ಕಿಗಳೂ ಹೊರಡುತ್ತವೆ. ಹೊರಡುವ ಮುಂಚಿನ ಅವುಗಳ ಗಡಿಬಿಡಿಯನ್ನು ನೋಡಬೇಕು. ಮಾರ್ಚ್ ಕಳೆದರೆ ಕೆರೆ ಖಾಲಿ.

ಇದು ಬೆಂಗಳೂರಿನ ಪಕ್ಕದ ಮಾಗಡಿಯಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನದು. ಗದಗಿನಿಂದ ಲಕ್ಷ್ಮೇಶ್ವರದ ದಾರಿಯಲ್ಲಿ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. ಗದಗಿಗೆ ರೈಲಿದೆ, ಅಲ್ಲಿಯವರೆಗೆ ತೊಂದರೆಯಿಲ್ಲ. ಆದರೆ ನಸುಕಿನ ಬಸ್ಸನ್ನು ನಂಬಿಕೊಳ್ಳಬೇಡಿ. ನಾವು ಕಾದ ಬಸ್ಸು ಬರಲೇ ಇಲ್ಲ, ಬಂದದ್ದು ಮಾಗಡಿಯಲ್ಲಿ ನಿಲ್ಲುವುದಿಲ್ಲ ಎಂದಿತು. ಕೊನೆಗೆ ಸಿಕ್ಕ ಆಟೋದವನು ಕೆರೆ ಮುಟ್ಟಿದ ಮೇಲೆ ‘ವೇಟಿಂಗ್’ ಅಂತ ಮಾತಾಡಿದ್ದರ ಎರಡರಷ್ಟು ಕೇಳಿದ. ಹೋಗಿಬರುವ ಬಾಡಿಗೆಯನ್ನು ಹಿಂದಿನ ರಾತ್ರಿಯೇ, ಕಾಯುವ ಹೊತ್ತನ್ನೂ ಸೇರಿಸಿ, ಖಚಿತ ಮಾಡಿಕೊಳ್ಳಿ.

ಬೆಳಕು ಹರಿಯುವ ಮುಂಚೆ ಕೆರೆಯ ಬಳಿ ಇರಬೇಕು. ಕಾರಣವನ್ನು ಏರಿಯ ಮೇಲೆ ಸಿಕ್ಕ ರೈತರೊಬ್ಬರು ಒಂದೇ ಮಾತಿನಲ್ಲಿ ಹೇಳಿದರು: “ಹಗಲೆಲ್ಲಾ ಕೆರಿಯಾಗ ಇರ್ತಾವ್ರೀ, ರಾತ್ರಿ ನಮ್ಮ ಹೊಲದಾಗ.” ರಾತ್ರಿಯೆಲ್ಲ ಸುತ್ತಲ ಹೊಲಗಳಲ್ಲಿ ಮೇಯ್ದು ಮುಂಜಾನೆ ಗುಂಪುಗುಂಪಾಗಿ ನೀರಿಗೆ ಮರಳುತ್ತವೆ. ಮೊದಲು ಕೂಗು ಕೇಳುತ್ತದೆ, ಆಮೇಲೆ ಆಕಾಶದಲ್ಲಿ ಸಾಲು ಕಾಣುತ್ತದೆ. ನೀರಿನ ಮೇಲೆ ಬಂದಾಗ ರೆಕ್ಕೆ ಬಿಗಿಹಿಡಿದು, ಕಿತ್ತಳೆ ಹಳದಿ ಕಾಲುಗಳನ್ನು ಮುಂದೆ ಚಾಚಿ ಇಳಿಯುತ್ತವೆ. ದುರ್ಬೀನಿನಲ್ಲಿ ತಲೆಯನ್ನೇ ನೋಡಿ: ಬಿಳಿ ನೆತ್ತಿಯ ಹಿಂಬದಿಗೆ ಎರಡು ಕಪ್ಪು ಗೀರು. ಪಟ್ಟೆತಲೆ ಹೆಬ್ಬಾತು ಎಂಬ ಹೆಸರು ಬಂದದ್ದು ಹೀಗೆ. ಬೆಳಗಿನ ಬಿಸಿಲು ಬೆನ್ನಿಗಿರುವಂತೆ ಪೂರ್ವದ ಬದಿಯಲ್ಲಿ ಕೂತರೆ ಗೀರು ಸ್ಪಷ್ಟ.

ಟಿಬೆಟ್, ಮಂಗೋಲಿಯಾ, ಲಡಾಖ್‌ಗಳ ಎತ್ತರದ ಸರೋವರಗಳು ಇವುಗಳ ತವರು. ಹಿಮಾಲಯ ದಾಟುವಾಗ 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ಅವುಗಳ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆ ಪಯಣಕ್ಕೆ ಬೇಕಾದ ಕೊಬ್ಬು ಈಗ, ನಮ್ಮ ಹೊಲಗಳಲ್ಲಿ, ಕೂಡಬೇಕು. ಅದಕ್ಕೇ ನನಗೆ ಸಿಟ್ಟು ಬಂದದ್ದು: ದೊಡ್ಡ ಕ್ಯಾಮೆರಾ ಹಿಡಿದ ಗುಂಪೊಂದು ‘ಹಾರುವ ಫೋಟೊ’ಗಾಗಿ ನೀರಿಗೆ ಕಲ್ಲೆಸೆಯಿತು. ಸಾವಿರಾರು ಮೈಲಿ ಹಾರಬೇಕಾದ ಹಕ್ಕಿಯನ್ನು ಸುಮ್ಮನೆ ಎಬ್ಬಿಸುವುದು ಅನ್ಯಾಯ. ನಿಮ್ಮ ಜೊತೆಯವರು ಹಾಗೆ ಮಾಡಿದರೆ ತಡೆಯಿರಿ. ತಾಳ್ಮೆಯಿದ್ದರೆ ಸಂಜೆ ತಾವಾಗಿಯೇ ಹೊಲದ ಕಡೆ ಏಳುತ್ತವೆ, ಆಗ ಬೇಕಾದಷ್ಟು ತೆಗೆಯಿರಿ. ಹೊಲಕ್ಕೆ ಮಾತ್ರ ಕೇಳದೆ ಕಾಲಿಡಬೇಡಿ. ಹಕ್ಕಿ ಮೇಯ್ದ ಬೆಳೆಯ ನಷ್ಟ ರೈತರದು, ಅದರ ಮೇಲೆ ನಮ್ಮ ತುಳಿತ ಬೇರೆ ಬೇಡ.

ಕೆರೆ ಸುಮಾರು 134 ಎಕರೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ. ನೆರಳು ಕಡಿಮೆ, ಟೋಪಿ ಮತ್ತು ನೀರು ಇರಲಿ. ಮಧ್ಯಾಹ್ನ ನೋಡುವಂಥದ್ದೇನೂ ಇಲ್ಲ. ಹೆಬ್ಬಾತುಗಳು ನಿದ್ದೆ ಮಾಡುತ್ತವೆ, ನೀವು ಲಕ್ಷ್ಮೇಶ್ವರಕ್ಕೆ ಹೋಗಿ ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿ, ಸೋಮೇಶ್ವರ ಗುಡಿ ನೋಡಿಕೊಂಡು ನಾಲ್ಕರೊಳಗೆ ವಾಪಸ್ಸಾಗಿ.

ತಡವಾಗಿ ಹೋಗಿ ಹೆಬ್ಬಾತು ತಪ್ಪಿದರೆ ಸೀದಾ ಮನೆಗೆ ತಿರುಗಬೇಡಿ. ದಾರಿಯಲ್ಲಿ ಹೂಬಿಟ್ಟ ಮುತ್ತುಗದ ಮರ ಸಿಕ್ಕರೆ ಗಾಡಿ ನಿಲ್ಲಿಸಿ. ಮಕರಂದಕ್ಕೆ ಗುಲಾಬಿ ಕಬ್ಬಕ್ಕಿಗಳು ಮುತ್ತಿರಬಹುದು: ತಲೆ, ರೆಕ್ಕೆ ಕಪ್ಪು, ಬೆನ್ನು, ಹೊಟ್ಟೆ ಗುಲಾಬಿ. ಚಳಿಗಾಲದಲ್ಲಿ ಮಂಕಾಗಿದ್ದ ಬಣ್ಣ ಈ ಹೊತ್ತಿಗೆ ತಿಳಿಯಾಗಿರುತ್ತದೆ. ಅವೂ ಮಧ್ಯ ಏಷ್ಯಾದ ಕಡೆ ಹೊರಡುವವೇ, ಆದರೆ ಹೆಬ್ಬಾತಿಗಿಂತ ಕೆಲವು ದಿನ ಹೆಚ್ಚು ಉಳಿಯುತ್ತವೆ.