ಮ್ಯಾಕ್ರೋ ಲೆನ್ಸ್ ಕೊಳ್ಳುವ ಮುಂಚೆ

ಮಳೆಗಾಲ ಹಿಡಿಯಿತೆಂದರೆ ಹಿತ್ತಿಲ ತುಂಬ ಹುಳಹುಪ್ಪಟೆ. ಅವುಗಳ ಫೋಟೊ ತೆಗೆಯುವ ಆಸೆ ಹುಟ್ಟಿದ ಕೂಡಲೇ ಮ್ಯಾಕ್ರೋ ಲೆನ್ಸಿಗೆ ದುಡ್ಡು ಸುರಿಯಬೇಡಿ. ಈಗ ಕೈಯಲ್ಲಿರುವ ಲೆನ್ಸ್ ಯಾವುದು, ಮೊದಲು ನೋಡಿಕೊಳ್ಳಿ.

200 ಮಿ.ಮೀ.ವರೆಗೆ ಹೋಗುವ ಜೂಮ್ ಇದ್ದರೆ, ಅದರ ಮುಂದೆ ತಿರುಗಿಸಿ ಕೂರಿಸುವ ಕ್ಲೋಸ್‌ಅಪ್ ಲೆನ್ಸ್ ಸಾಕು. +2 ಡಯಾಪ್ಟರಿನದು ಹಾಕಿ, ಫೋಕಸ್ ಅನಂತಕ್ಕಿಟ್ಟರೆ, ಅರ್ಧ ಮೀಟರ್ ದೂರದ ಚಿಟ್ಟೆ ಸೆನ್ಸರ್ ಮೇಲೆ ನಿಜಗಾತ್ರದ 0.4 ಪಟ್ಟು ಮೂಡುತ್ತದೆ. ಧಾರಾಳವಾಯಿತು! ಅದನ್ನೇ 50 ಮಿ.ಮೀ. ಲೆನ್ಸಿಗೆ ಹಾಕಿದರೆ ಸಿಗುವುದು 0.1 ಪಟ್ಟು ಮಾತ್ರ. ಕೊಳ್ಳುವಾಗ ಎರಡು ಗಾಜುಗಳ ಅಕ್ರೋಮ್ಯಾಟ್ ಕೇಳಿ. ಅಗ್ಗಕ್ಕೆ ಸಿಗುವ ಒಂಟಿಗಾಜಿನ ಸೆಟ್‌ಗಳಲ್ಲಿ ಅಂಚೆಲ್ಲ ಮಸುಕು, ಜೊತೆಗೆ ನೇರಳೆ ಗೆರೆ.

50 ಮಿ.ಮೀ. ಲೆನ್ಸ್ ಇರುವವರಿಗೆ ಎಕ್ಸ್‌ಟೆನ್ಷನ್ ಟ್ಯೂಬೇ ಸರಿ. ಒಳಗೆ ಗಾಜೇ ಇಲ್ಲದ ಕೊಳವೆ ಅದು; ಲೆನ್ಸನ್ನು ಕ್ಯಾಮೆರಾದಿಂದ ದೂರ ಸರಿಸುತ್ತದೆ ಅಷ್ಟೆ. 25 ಮಿ.ಮೀ. ಟ್ಯೂಬ್ ಅರ್ಧ ಗಾತ್ರ ಕೊಡುತ್ತದೆ. ಬೆಳಕು ತುಸು ಕಮ್ಮಿಯಾಗುತ್ತದೆ, ದೂರದ್ದು ಫೋಕಸ್ ಆಗುವುದಿಲ್ಲ. ಎಲೆಕ್ಟ್ರಾನಿಕ್ ಸಂಪರ್ಕ ಇರುವುದನ್ನೇ ತೆಗೆದುಕೊಳ್ಳಿ, ಇಲ್ಲವಾದರೆ ಈಗಿನ ಬಹುತೇಕ ಲೆನ್ಸುಗಳಲ್ಲಿ ಅಪರ್ಚರ್ ಬದಲಿಸಲು ಪರದಾಡಬೇಕಾಗುತ್ತದೆ.

ಜಿಗಿಯುವ ಜೇಡದ ಕಣ್ಣೇ ಬೇಕು, ಅದೂ ವಾರವಾರವೂ ಬೇಕು ಎನ್ನುವಷ್ಟು ಹುಚ್ಚು ಹಿಡಿದ ಮೇಲೆ 1:1 ಮ್ಯಾಕ್ರೋ ಕೊಳ್ಳಿ, 100 ಮಿ.ಮೀ. ಆಸುಪಾಸಿನದು. 60ರದ್ದಾದರೆ ಹುಳದ ಮೈಮೇಲೇ ಹೋಗಬೇಕು, ಅದು ಕಾಯುತ್ತ ಕೂರುವುದಿಲ್ಲ. ಅಲ್ಲಿಯವರೆಗೆ ಉಳಿದ ದುಡ್ಡಿಗೊಂದು ಫ್ಲ್ಯಾಶ್ ಬರಲಿ. ಎಫ್ 11ರಲ್ಲಿ, ಮರದ ನೆರಳಲ್ಲಿ, ಹೊಸ ಲೆನ್ಸಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಅದೇ.