ಮಳೆಗಾಲಕ್ಕೆ ರಾಡು ಒಣಗಿರಲಿ

ವೆಲ್ಡಿಂಗ್ ಅಂಗಡಿ ನಡೆಸುವ ಗೆಳೆಯರೇ, ಮಳೆ ಹಿಡಿದಾಗ ನಿಮ್ಮ 7018 ರಾಡುಗಳ ಮೇಲೆ ಒಂದು ಕಣ್ಣಿಡಿ. ಪ್ಯಾಕೆಟ್ ಒಡೆದು ಮೂಲೆಯಲ್ಲಿಟ್ಟರೆ ರಾಡಿನ ಲೇಪ ಗಾಳಿಯ ತೇವವನ್ನು ಸದ್ದಿಲ್ಲದೆ ಹೀರುತ್ತದೆ. ಆರ್ಕಿನ ಕಾವಿಗೆ ಆ ನೀರು ಒಡೆದು, ಹೈಡ್ರೋಜನ್ ಕರಗಿದ ಉಕ್ಕಿನೊಳಗೆ ಹೊಗುತ್ತದೆ. ಬೆಸುಗೆ ಅಂದು ಚೆನ್ನಾಗಿಯೇ ಕಾಣುತ್ತದೆ. ಒಂದೆರಡು ದಿನ ಕಳೆದ ಮೇಲೆ ಅದರ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು!

ಇದು ಹಳೆಯ ಪಾಠ. 1875ರಲ್ಲಿ ವಿಲಿಯಂ ಜಾನ್ಸನ್ ಎಂಬವರು ಇಂಗ್ಲೆಂಡಿನಲ್ಲಿ ಆಮ್ಲದಲ್ಲಿ ಅದ್ದಿದ ಕಬ್ಬಿಣದ ತಂತಿಯನ್ನು ಮುರಿದು, ಮುರಿದ ಜಾಗವನ್ನು ಒದ್ದೆ ಮಾಡಿದರು. ಅಲ್ಲಿ ಗುಳ್ಳೆಗಳು ನೊರೆಯಂತೆ ಎದ್ದವು. ಒಳಗೆ ಅಡಗಿದ್ದ ಹೈಡ್ರೋಜನ್ ಅದು.

ಹಾಗಾಗಿ ತೇವ ತಾಗಿದ 7018 ರಾಡನ್ನು ಪ್ಯಾಕೆಟ್ಟಿನ ಮೇಲೆ ಬರೆದಷ್ಟು ಕಾವಿನಲ್ಲಿ ಓವನ್‌ನಲ್ಲಿಟ್ಟು ಒಣಗಿಸಿ. ಸಾಮಾನ್ಯವಾಗಿ 250 ಡಿಗ್ರಿಗೂ ಮೇಲೆಯೇ ಇರುತ್ತದೆ. ಬಿಸಿಲಿಗಿಟ್ಟರೆ ಸಾಲದು, ದಯವಿಟ್ಟು ಅದನ್ನು ನಂಬಬೇಡಿ. ಸೆಲ್ಯುಲೋಸ್ ಲೇಪದ ರಾಡಿಗೆ ಮಾತ್ರ ಈ ಕಾವು ಕೊಡಬಾರದು, ಲೇಪವೇ ಕೆಡುತ್ತದೆ. ತುಕ್ಕು, ಎಣ್ಣೆ, ಬಣ್ಣದಿಂದಲೂ ಹೈಡ್ರೋಜನ್ ಬರುತ್ತದೆ, ಜೋಡಿಸುವ ಜಾಗ ಉಜ್ಜಿಕೊಳ್ಳಿ. ದಪ್ಪ ಪ್ಲೇಟು, ಇಂಗಾಲ ಹೆಚ್ಚಿರುವ ಉಕ್ಕಾದರೆ ಮೊದಲೇ ಬಿಸಿ ಮಾಡಿ, ಆಮೇಲೆ ನಿಧಾನವಾಗಿ ಆರಲು ಬಿಡಿ. ಅನಿಲ ಹೊರಬೀಳಲು ಸಮಯ ಸಿಗುತ್ತದೆ.

ಟ್ರೇಲರಿನ ಕೊಂಡಿಯಂಥ ಭಾರ ಹೊರುವ ಕೆಲಸವನ್ನು ಅಂದೇ ಒಪ್ಪಿಸಬೇಡಿ. 48 ಗಂಟೆ ಬಿಟ್ಟು ಇನ್ನೊಮ್ಮೆ ಬೆಳಕು ಹಿಡಿದು ನೋಡಿ.