ಕನ್ನಡಿಯ ಕೆಳಗಿನ ಮೂರು ಗುಂಡಿ

ಮುಡಬಿ, ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು ಕಾರು ಕೊಳ್ಳುವಾಗ ಕನ್ನಡಿಯ ಕೆಳಗೋ ಬಿಸಿಲುಮರೆಯಲ್ಲೋ ಮೂರು ಗುಂಡಿಗಳಿವೆಯೇ ನೋಡಬೇಕು. ಅದೇ ಹೋಮ್‌ಲಿಂಕ್, ಕಾರಿನೊಳಗೇ ಇರುವ ಗ್ಯಾರೇಜ್ ರಿಮೋಟ್. ಇಲ್ಲದಿದ್ದರೆ ಗುಂಡಿಗಳಿರುವ ಕನ್ನಡಿಯನ್ನೇ ಹಾಕಿಸಬಹುದು.

ಗ್ಯಾರೇಜಿನ ಹಳೆಯ ರಿಮೋಟನ್ನು ಗುಂಡಿಯ ಹತ್ತಿರ ಹಿಡಿದು ಎರಡನ್ನೂ ಒತ್ತಿದರೆ ಹೋಮ್‌ಲಿಂಕ್‌ನ ದೀಪ ಮಿನುಗುವ ಬಗೆ ಬದಲಾಗುತ್ತದೆ. ಅಂದರೆ ಕಾರು ಸಂಕೇತ ಕಲಿಯಿತು. ಒತ್ತಿದಾಗಲೆಲ್ಲ ಸಂಕೇತ ಬದಲಾಗುವ ರೋಲಿಂಗ್ ಕೋಡ್ ಆದರೆ ಅಷ್ಟು ಸಾಲದು. ಏಣಿ ಹತ್ತಿ ಗ್ಯಾರೇಜ್ ಬಾಗಿಲಿನ ಮೋಟರಿನ ‘ಲರ್ನ್’ ಗುಂಡಿ ಒತ್ತಿ, ಸುಮಾರು 30 ಸೆಕೆಂಡಿನೊಳಗೆ ಕಾರಿನ ಗುಂಡಿಯನ್ನೂ ಒತ್ತಬೇಕು. ಜೊತೆಗೊಬ್ಬರಿದ್ದರೆ ಕೆಲಸ ಹಗುರ.

ಊರಲ್ಲಿ ಮೋಟರ್ ಶಟರ್ ಹಾಕಿಸುವವರೂ ರೋಲಿಂಗ್ ಕೋಡನ್ನೇ ಕೇಳಿ ಪಡೆಯಲಿ. ಸ್ಥಿರ ಸಂಕೇತದ ಅಗ್ಗದ ರಿಮೋಟನ್ನು ನಕಲು ಮಾಡುವುದು ಬಲು ಸುಲಭ. ಕರೆಂಟ್ ಹೋದಾಗ ಕೈಯಿಂದ ಎತ್ತುವ ವ್ಯವಸ್ಥೆಯೂ ಇರಲೇಬೇಕು.

ಹೋಮ್‌ಲಿಂಕ್ ಇರುವ ಕಾರು ಮಾರುವ ಮುನ್ನ ಎರಡೂ ತುದಿಯ ಗುಂಡಿಗಳನ್ನು ದೀಪದ ಮಿನುಗು ಬದಲಾಗುವವರೆಗೆ ಒತ್ತಿ ಹಿಡಿದು ಸಂಕೇತ ಅಳಿಸಿಬಿಡಬೇಕು.